ಹಗ್ಗ ಎಳೆಯುವ ಮುನ್ನ

ಬಯಲುಸೀಮೆಯ ತೋಟಗಳ ಕಡೆಯಿಂದ ಬೇಸಿಗೆಯ ಬೆಳಗಿನಲ್ಲಿ ಒಂದು ಸದ್ದು ಕೇಳಿಬರುತ್ತದೆ. ‘ಕರ್ರ್’ ಎಂದು ಯಾರೋ ಹಗ್ಗ ಎಳೆದ ಸದ್ದು. ಒಂದು ಗಳಿಗೆ ಮೌನ. ಮತ್ತೆ ‘ಕರ್ರ್’. ಹತ್ತು ಸಲ ಆದ ಮೇಲೆ ಒಂದು ಬೈಗುಳ, ಇಪ್ಪತ್ತು ಸಲ ಆದ ಮೇಲೆ ಎಂಜಿನ್ನಿಗೆ ಒಂದು ಒದೆ. ಅದಕ್ಕೂ ಜಗ್ಗದಿದ್ದರೆ ಲಗೇಜ್ ಆಟೋ ಕರೆಸಿ, ಎಂಜಿನ್ನನ್ನು ಅದರೊಳಗೆ ಮಲಗಿಸಿ, ಪೇಟೆಯ ಗ್ಯಾರೇಜಿಗೆ ಸಾಗಿಸುವ ಸಡಗರ. ಗ್ಯಾರೇಜಿನವನು ಏನನ್ನೋ ಬಿಚ್ಚಿ, ಏನನ್ನೋ ಊದಿ, ಒಂದೇ ಎಳೆತಕ್ಕೆ ಚಾಲೂ ಮಾಡಿಕೊಡುತ್ತಾನೆ. ಆತ ಬಿಚ್ಚಿದ್ದು ಏನು, ಊದಿದ್ದು ಯಾತಕ್ಕೆ ಎಂದು ಕೇಳುವವರು ಕಡಿಮೆ. ದುಡ್ಡು ಕೊಟ್ಟು ಮನೆಗೆ ಬರುತ್ತಾರೆ. ಮುಂದಿನ ವರ್ಷ ಅದೇ ಹಗ್ಗ, ಅದೇ ಬೈಗುಳ.

ಈ ಸಣ್ಣ ಪೆಟ್ರೋಲ್ ಎಂಜಿನ್ನು ಚಿತ್ರದುರ್ಗ ಜಿಲ್ಲೆಗೆ ಹೊಸದೇನಲ್ಲ. ಕರೆಂಟು ಕೈಕೊಟ್ಟ ಸಂಜೆಗಳಲ್ಲಿ ಅಂಗಡಿಗಳ ಮೆಟ್ಟಿಲ ಮೇಲೆ ಗುಡುಗುಡು ಎನ್ನುತ್ತಿದ್ದ ಶ್ರೀರಾಮ್ ಹೋಂಡಾ ಜನರೇಟರನ್ನು ಹಿರಿಯರು ಮರೆತಿರಲಾರರು. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುತ್ತಿದ್ದ ಯಂತ್ರ ಅದು. ಈಗ ಅದರ ತಮ್ಮಂದಿರು ಊರೂರಿಗೆ ಬಂದಿದ್ದಾರೆ. ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರವಾಗಿ, ಹೊಸದುರ್ಗದ ತೆಂಗಿನ ಸಾಲುಗಳ ನಡುವೆ ಮಣ್ಣು ಸಡಿಲಿಸುವ ಪವರ್ ವೀಡರ್ ಆಗಿ, ಹಿರಿಯೂರಿನ ಕಡೆ ಕೃಷಿ ಹೊಂಡದಿಂದ ನೀರೆತ್ತುವ ಎಂಜಿನ್ ಆಗಿ. ಇದಕ್ಕೇ ಉದ್ದನೆಯ ಕಾಲೊಂದನ್ನು ಜೋಡಿಸಿ, ಕಾಲಿನ ತುದಿಗೆ ನೀರು ತಳ್ಳುವ ರೆಕ್ಕೆ ಕೂರಿಸಿ, ದೋಣಿಯ ಹಿಂಬದಿಯ ಹಲಗೆಗೆ ತಗುಲಿಹಾಕಿದರೆ ಅದೇ ಔಟ್‌ಬೋರ್ಡ್ ಮೋಟಾರು. ಅಮೆರಿಕದಲ್ಲಿ ಓಲ್ ಎವಿನ್‌ರೂಡ್ ಎಂಬಾತ 1909ರಲ್ಲಿ ಇಂಥ ದೋಣಿ ಮೋಟಾರುಗಳನ್ನು ಮಾರಾಟಕ್ಕೆ ತಂದ. ಬೇಸಿಗೆಯಲ್ಲಿ ತನ್ನವಳಿಗೆ ಐಸ್‌ಕ್ರೀಮ್ ತರಲು ಕೆರೆಯ ಆಚೆ ದಡಕ್ಕೆ ಹುಟ್ಟು ಹಾಕಿ ಹೋಗಿ, ತಿರುಗಿ ಬರುವಷ್ಟರಲ್ಲಿ ಅದು ಕರಗಿಹೋದದ್ದೇ ಈ ಯೋಚನೆಗೆ ಕಾರಣವೆಂದು ಕಥೆ. 1964ರಲ್ಲಿ ಜಪಾನಿನ ಹೋಂಡಾ ಕಂಪನಿ ತನ್ನ ಮೊದಲ ದೋಣಿ ಮೋಟಾರನ್ನು ಫೋರ್ ಸ್ಟ್ರೋಕ್ ಮಾದರಿಯಲ್ಲೇ ಮಾಡಿತು. ತೋಟದ್ದಾಗಲಿ ದೋಣಿಯದ್ದಾಗಲಿ, ಒಳಗಿನ ಜೀವ ಒಂದೇ, ರೋಗಗಳೂ ಒಂದೇ.

ಆ ರೋಗಗಳಲ್ಲಿ ಹೆಚ್ಚಿನವು ಎರಡೇ ಎರಡು ವಸ್ತುಗಳ ಸುತ್ತ ಇವೆ. ಒಂದು ಉರಿಯುವ ಪೆಟ್ರೋಲು, ಇನ್ನೊಂದು ಉರಿಯಬಾರದ ಆಯಿಲು. ಮೊದಲನೆಯದು ಹೋಗಬೇಕಾದ ಕಡೆಗೆ ಹೋಗದಿದ್ದರೆ ಎಂಜಿನ್ ಹಟ ಮಾಡುತ್ತದೆ. ಎರಡನೆಯದು ಇರಬೇಕಾದ ಕಡೆ ಇರದಿದ್ದರೆ ಎಂಜಿನ್ ಸಾಯುತ್ತದೆ.

ಹೊಳಲ್ಕೆರೆ ತಾಲ್ಲೂಕಿನ ಒಂದು ತೋಟದ ಮನೆಯ ಹುಡುಗ ಚಿತ್ರದುರ್ಗದಲ್ಲಿ ಓದುತ್ತಾನೆ. ಓದುವುದು ಮೆಕ್ಯಾನಿಕಲ್ ಡಿಪ್ಲೊಮಾ. ಜರ್ಮನಿಯ ನಿಕೊಲಾಸ್ ಒಟ್ಟೊ 1876ರಲ್ಲಿ ಕಟ್ಟಿದ ಎಂಜಿನ್ನಿನ ನಾಲ್ಕು ಹಂತಗಳನ್ನು ಅವನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ. ಪಿಸ್ಟನ್ ಕೆಳಗಿಳಿದು ಪೆಟ್ರೋಲು ಬೆರೆತ ಗಾಳಿಯನ್ನು ಹೀರುವುದು, ಮೇಲೇರಿ ಅದನ್ನು ಒತ್ತುವುದು, ಕಿಡಿ ತಗುಲಿ ಉರಿದಾಗ ಕೆಳಗೆ ನೂಕಿಸಿಕೊಳ್ಳುವುದು, ಮತ್ತೆ ಮೇಲೇರಿ ಹೊಗೆಯನ್ನು ಹೊರದಬ್ಬುವುದು. ಚಿತ್ರ ಬರೆದು, ಬಾಣದ ಗುರುತು ಹಾಕಿ, ಪೂರ್ತಿ ಅಂಕ ತೆಗೆದುಕೊಂಡವನು. ರಜೆಗೆ ಬಂದ ದಿನವೇ ತೋಟದ ಎಂಜಿನ್ ನಿಂತಿತ್ತು. ಬೋರಿಗೆ ತ್ರೀ ಫೇಸ್ ಕರೆಂಟು ಬರುವ ಹೊತ್ತು ಗೊತ್ತಿಲ್ಲ. ತೊಟ್ಟಿಯ ನೀರನ್ನು ಸಸಿಗಳಿಗೆ ಹಾಯಿಸಲು ಅದೊಂದೇ ಆಧಾರ. ಹಾಕಿ ಎರಡೇ ವರ್ಷವಾದ ಅಡಿಕೆ ಸಸಿ. ಏಪ್ರಿಲ್ ಬಿಸಿಲಿಗೆ ಅದರ ಸುಳಿ ಬಾಡಿದರೆ ಎರಡು ವರ್ಷದ ಸಾಕಣೆ ಮಣ್ಣುಪಾಲು.

ಅಪ್ಪ ಹಗ್ಗವನ್ನು ಮಗನ ಕೈಗೆ ಕೊಟ್ಟು, “ಇದನ್ನೇ ಅಲ್ವೇನಪ್ಪಾ ನೀನು ಓದ್ತಿರೋದು? ನೋಡು ಮತ್ತೆ” ಎಂದ. ಮಾತಿನಲ್ಲಿ ಅರ್ಧ ಹೆಮ್ಮೆ, ಅರ್ಧ ಚುಚ್ಚು. ಮಗ ಮೂವತ್ತು ಸಲ ಎಳೆದ. ಅಂಗೈ ಕೆಂಪಾಯಿತು. ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಬರೆದ ಉತ್ತರಗಳೆಲ್ಲ ಓಡುವ ಎಂಜಿನ್ನಿನವು. ನಿಂತ ಎಂಜಿನ್ನಿನ ಬಗ್ಗೆ ಪ್ರಶ್ನೆಪತ್ರಿಕೆಯಲ್ಲಿ ಯಾರೂ ಕೇಳಿರಲಿಲ್ಲ.

ಎಂಜಿನ್ ಹೊಳಲ್ಕೆರೆಯ ಗ್ಯಾರೇಜಿಗೆ ಹೋಯಿತು, ಈ ಸಲ ಮಗನೂ ಜೊತೆಗೆ ಹೋದ. ಅಲ್ಲಿನ ಹಿರಿಯ ಮೆಕ್ಯಾನಿಕ್ ಹಗ್ಗವನ್ನು ಮುಟ್ಟಲೇ ಇಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದ. ಆಯಿಲ್ ಕಡ್ಡಿ ತೆಗೆದು ಬೆರಳಲ್ಲಿ ಉಜ್ಜಿದ. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದ. “ತಮ್ಮಾ, ಒಳಗೆ ಏನೈತೆ, ಏನಿಲ್ಲ ಅಂತ ಮೊದ್ಲು ನೋಡ್ಬೇಕು. ಆಮೇಲೆ ಹಗ್ಗ” ಎಂದ. ಹುಡುಗ ಪ್ಲಗ್ಗನ್ನು ಕೈಗೆ ತೆಗೆದುಕೊಂಡ. ಅದು ಒಣಗಿತ್ತು. ಮೂವತ್ತು ಸಲ ಎಳೆದರೂ ಪ್ಲಗ್ ಒದ್ದೆಯಾಗಿಲ್ಲ ಎಂದರೆ ಒಳಗೆ ಪೆಟ್ರೋಲು ಬಂದೇ ಇಲ್ಲ ಎಂದಾಯಿತು. ಹಾಗಾದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಟ್ಯಾಂಕಿನಿಂದ ಕಾಕ್, ಕಾಕಿನಿಂದ ಜಾಲರಿ, ಜಾಲರಿಯಿಂದ ಪೈಪು, ಪೈಪಿನಿಂದ ಕಾರ್ಬ್ಯುರೇಟರ್. ಊರಿನ ನಲ್ಲಿಗೆ ನೀರು ಬರದಿದ್ದರೆ ಓವರ್‌ಹೆಡ್ ಟ್ಯಾಂಕಿನಿಂದ ಮನೆಯವರೆಗೆ ಒಂದೊಂದೇ ವಾಲ್ವ್ ನೋಡಿಕೊಂಡು ಬರುವ ನೀರುಗಂಟಿಯ ಹಾಗೆ, ಮೆಕ್ಯಾನಿಕ್ ಒಂದೊಂದೇ ಕಡೆ ಬಿಚ್ಚಿ ಪೆಟ್ರೋಲು ಬರುತ್ತದೆಯೇ ಎಂದು ನೋಡುತ್ತ ಬಂದ. ಕಾರ್ಬ್ಯುರೇಟರಿನ ತಳದ ಬಟ್ಟಲಿನವರೆಗೆ ಬಂತು. ಅದರಾಚೆ ಇಲ್ಲ.

ಬಟ್ಟಲು ಬಿಚ್ಚಿದಾಗ ಕಂಡದ್ದು ಬೆಲ್ಲದ ಪಾಕದ ಬಣ್ಣದ ಅಂಟು. ಪೆಟ್ರೋಲು ಒಂದೇ ಪದಾರ್ಥವಲ್ಲ, ಹಗುರವಾದವೂ ಭಾರವಾದವೂ ಆದ ಹಲವು ಹೈಡ್ರೊಕಾರ್ಬನ್ನುಗಳ ಬೆರಕೆ. ನಿಲ್ಲಿಸಿಟ್ಟರೆ ಹಗುರವಾದವು ಮೊದಲು ಹಾರಿಹೋಗುತ್ತವೆ. ತಣ್ಣಗಿರುವ ಎಂಜಿನ್ನನ್ನು ಎಬ್ಬಿಸಲು ಬೇಕಾದವು ಅವೇ. ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಅಂಟಾಗುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲು ಲೀಟರುಗಟ್ಟಲೆ ಇರುವುದರಿಂದ ಅಲ್ಲಿ ಕೆಡಲು ತಿಂಗಳುಗಳೇ ಬೇಕು. ಆದರೆ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಇರುವುದು ಕೆಲವೇ ಚಮಚೆ. ಅದು ಬೇಗ ಕೆಡುತ್ತದೆ. ಪೆಟ್ರೋಲು ಮೇಲೇರುವ ಹಿತ್ತಾಳೆಯ ಜೆಟ್ಟಿನ ತೂತೋ, ಹೊಲಿಗೆ ಸೂಜಿಯೂ ಸಲೀಸಾಗಿ ಹೋಗದಷ್ಟು ಸಣ್ಣದು. ಒಂದು ಹನಿ ಅಂಟು ಸಾಕು, ಬಾಗಿಲು ಮುಚ್ಚಿತು.

ಮೆಕ್ಯಾನಿಕ್ ಊದಿದ್ದು ಆ ತೂತನ್ನು. ಶುಚಿ ಮಾಡುವ ದ್ರಾವಣದಲ್ಲಿ ನೆನೆಸಿ, ಗಾಳಿ ಹಾಯಿಸಿದ. ಕಬ್ಬಿಣದ ತಂತಿ ತೂರಿಸಲು ಹೊರಟ ಹುಡುಗನ ಕೈ ಹಿಡಿದ. ಹಿತ್ತಾಳೆ ಮೆದು. ತಂತಿ ಒಮ್ಮೆ ಗೀರಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಎಂಜಿನ್ನು ಜೀವಮಾನವಿಡೀ ಹೆಚ್ಚು ಪೆಟ್ರೋಲು ಕುಡಿದು ಕಪ್ಪು ಹೊಗೆ ಕಾರುತ್ತದೆ. ದೀಪಾವಳಿಯ ಹೊತ್ತಿಗೆ ಕೆಲಸ ಮುಗಿಸಿ ಮೂಲೆಗೆ ಇಟ್ಟ ಎಂಜಿನ್ನನ್ನು ಏಪ್ರಿಲ್‌ನಲ್ಲಿ ತೆಗೆದಿದ್ದೇ ಇಷ್ಟಕ್ಕೆಲ್ಲ ಕಾರಣ. ಇಡುವ ದಿನ ಕಾಕ್ ಮುಚ್ಚಿ, ಬಟ್ಟಲಿನ ಪೆಟ್ರೋಲು ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದ್ದರೆ, ತಳದ ತಿರುಪು ಸಡಿಲಿಸಿ ಉಳಿದ ಹನಿಯನ್ನೂ ಬಸಿದಿದ್ದರೆ, ಅಂಟಾಗಲು ಅಲ್ಲಿ ಏನೂ ಇರುತ್ತಿರಲಿಲ್ಲ. ಐದು ನಿಮಿಷದ ಕೆಲಸ. ಕೆಲಸ ಮಾಡಿ ಕೆಡುವ ಎಂಜಿನ್ನುಗಳಿಗಿಂತ ಕೆಲಸವಿಲ್ಲದೆ ಕೆಡುವ ಎಂಜಿನ್ನುಗಳೇ ಹೆಚ್ಚು ಎಂಬುದು ಗ್ಯಾರೇಜಿನವರ ಅನುಭವ.

ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರಿದೆ. ಪೆಟ್ರೋಲಿಗೆ ಎಥೆನಾಲ್ ಬೆರೆಸುವುದು ದೇಶದಲ್ಲಿ 2003ರಲ್ಲೇ ಶುರುವಾಗಿತ್ತು. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಎಥೆನಾಲಿಗೆ ನೀರಿನ ಮೇಲೆ ಪ್ರೀತಿ ಹೆಚ್ಚು, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಅರ್ಧ ತುಂಬಿದ ಟ್ಯಾಂಕು ಮಳೆಗಾಲವಿಡೀ ಕುಳಿತರೆ, ನೀರು ಒಂದು ಮಿತಿ ಮೀರಿದಾಗ ಎಥೆನಾಲು ನೀರನ್ನು ಕರೆದುಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಪೆಟ್ರೋಲು ಹೋಗುವ ಬಾಯಿ ಇರುವುದೂ ತಳದಲ್ಲೇ. ಇದನ್ನು ಕಾಣಲು ಪ್ರಯೋಗಾಲಯ ಬೇಡ. ಬಟ್ಟಲಿನಿಂದ ಬಸಿದದ್ದನ್ನು ಒಂದು ಗಾಜಿನ ಸೀಸೆಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟರೆ ಸಾಕು. ತಳದಲ್ಲಿ ಬೇರೆ ಪದರವೋ ಹರಳಿನಂಥ ಗುಳ್ಳೆಗಳೋ ಕಂಡರೆ ಅದು ನೀರಿನ ಪಾಲು. ಸಾಂದ್ರತೆಯ ಪಾಠ ಓದಿದ ಯಾವ ಹುಡುಗಿಯೂ ಹುಡುಗನೂ ಇದನ್ನು ವಿವರಿಸಬಲ್ಲರು. ಹಳೆಯ ಎಂಜಿನ್ನಿನ ರಬ್ಬರ್ ಪೈಪು ಉಬ್ಬಿದೆಯೇ, ಬಿರಿದಿದೆಯೇ ಎಂದು ವರ್ಷಕ್ಕೊಮ್ಮೆ ಬೆರಳಲ್ಲಿ ಒತ್ತಿ ನೋಡುವುದೂ ಇದೇ ಕಾರಣಕ್ಕೆ.

ಪೆಟ್ರೋಲು ಚೆನ್ನಾಗಿದ್ದೂ, ದಾರಿ ಸರಿಯಿದ್ದೂ ಎಂಜಿನ್ ನಿಲ್ಲುವುದುಂಟು. ಚಿತ್ರದುರ್ಗದ ಅಂಗಡಿಯೊಂದರ ಜನರೇಟರು ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ಪೆಟ್ರೋಲು ಇದೆಯೇ ಎಂದು ಮುಚ್ಚಳ ತೆಗೆದು ನೋಡಿ, ಮುಚ್ಚಿ, ಹಗ್ಗ ಎಳೆದರೆ ಮತ್ತೆ ಹತ್ತು ನಿಮಿಷ. ಇದಕ್ಕೆ ದೆವ್ವದ ಕಾಟವೆಂದು ಅಂಗಡಿಯವನು ನಗೆಯಾಡುತ್ತಿದ್ದ. ದೆವ್ವ ಇದ್ದದ್ದು ಮುಚ್ಚಳದ ಕೆಳಗೆ. ಪೆಟ್ರೋಲು ತುಳುಕದಿರಲೆಂದು ಯಾರೋ ಮುಚ್ಚಳದ ಒಳಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ಇಟ್ಟು ಬಿಗಿದಿದ್ದರು. ಮುಚ್ಚಳದಲ್ಲಿ ಗಾಳಿ ಒಳಗೆ ಬರಲು ಒಂದು ಸಣ್ಣ ಕಿಂಡಿ ಇರುತ್ತದೆ. ಪೆಟ್ರೋಲು ಕೆಳಗೆ ಇಳಿದಷ್ಟು ಗಾಳಿ ಮೇಲಿನಿಂದ ಬರಬೇಕು. ಅದು ಬರದಿದ್ದರೆ ಒಳಗೆ ಒತ್ತಡ ತಗ್ಗಿ, ಪೆಟ್ರೋಲು ಇಳಿಯುವುದೇ ನಿಲ್ಲುತ್ತದೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸುರಿಯದು, ಎದುರಿಗೆ ಇನ್ನೊಂದು ತೂತು ಬೇಕು ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಅದೇ ತಿಳಿವಳಿಕೆ ಜನರೇಟರಿನವರೆಗೆ ನಡೆದುಬರುವುದಿಲ್ಲ, ಅಷ್ಟೆ. ಸಣ್ಣ ದೋಣಿ ಮೋಟಾರಿನ ಟ್ಯಾಂಕಿನ ಮುಚ್ಚಳದಲ್ಲಿ ಈ ಕಿಂಡಿಗೆ ಒಂದು ತಿರುಪನ್ನೇ ಕೊಟ್ಟಿರುತ್ತಾರೆ. ಸಾಗಿಸುವಾಗ ಮುಚ್ಚಬೇಕು, ಓಡಿಸುವಾಗ ತೆರೆಯಬೇಕು. ತೆರೆಯಲು ಮರೆತವರ ದೋಣಿ ದಡದಿಂದ ಸಾಕಷ್ಟು ದೂರ ಹೋದ ಮೇಲೆಯೇ ನಿಲ್ಲುತ್ತದೆ.

ಪೆಟ್ರೋಲಿನ ತೊಂದರೆ ಎಂಜಿನ್ನನ್ನು ನಿಲ್ಲಿಸುತ್ತದೆ. ಆಯಿಲಿನ ತೊಂದರೆ ಹಾಗಲ್ಲ, ಎಂಜಿನ್ನನ್ನು ಓಡಲು ಬಿಟ್ಟು ಒಳಗೇ ಕೊಲ್ಲುತ್ತದೆ. ಹೊಸದುರ್ಗದ ಕಡೆಯ ಒಂದು ಮನೆಯಲ್ಲಿ ಎರಡು ಯಂತ್ರಗಳಿದ್ದವು. ಹೆಗಲಿಗೆ ನೇತುಹಾಕಿಕೊಳ್ಳುವ ಹಳೆಯ ಕಳೆ ಯಂತ್ರ ಟೂ ಸ್ಟ್ರೋಕಿನದು, ಹೊಸ ವೀಡರ್ ಫೋರ್ ಸ್ಟ್ರೋಕಿನದು. ಕ್ಯಾನು ಮಾತ್ರ ಒಂದೇ. ಟೂ ಸ್ಟ್ರೋಕಿನ ಎಂಜಿನ್ನಿಗೆ ಆಯಿಲ್ ಇಡಲು ಬೇರೆ ಜಾಗವಿಲ್ಲ. ಲೀಟರು ಪೆಟ್ರೋಲಿಗೆ 20ರಿಂದ 25 ಮಿಲಿಯಷ್ಟು ಆಯಿಲನ್ನು ಕಂಪನಿ ಹೇಳಿದ ಲೆಕ್ಕದಲ್ಲಿ ಬೆರೆಸಿಯೇ ಕುಡಿಸಬೇಕು. ಮೊಪೆಡ್ಡಿಗೆ ಬಂಕಿನಲ್ಲಿ ಆಯಿಲ್ ಬೆರೆಸಿ ಹಾಕಿಸಿಕೊಂಡು ಬೆಳೆದ ಕೈಗಳಿಗೆ ಇದು ರೂಢಿ. 2015ರಲ್ಲಿ ಟಿವಿಎಸ್ ಎಕ್ಸ್‌ಎಲ್ 100 ಫೋರ್ ಸ್ಟ್ರೋಕ್ ಆಗಿ ಬಂದಾಗಲೂ ಎಷ್ಟೋ ಜನ ಹಳೆಯ ಅಭ್ಯಾಸದಂತೆ “ಆಯಿಲ್ ಹಾಕಪ್ಪ” ಎಂದು ಕೇಳಿದ್ದುಂಟು. ಫೋರ್ ಸ್ಟ್ರೋಕಿನಲ್ಲಿ ಆಯಿಲಿಗೆ ಕೆಳಗೆ ತನ್ನದೇ ಕೋಣೆ ಇದೆ. ಟ್ಯಾಂಕಿಗೆ ಬರಿಯ ಪೆಟ್ರೋಲು.

ಆ ಮನೆಯಲ್ಲಿ ಬೆರೆಸಿದ ಪೆಟ್ರೋಲು ವೀಡರಿಗೂ ಹೋಯಿತು. ನೀಲಿ ಹೊಗೆ ಬಂತು, ಪ್ಲಗ್ ಕಪ್ಪಾಗಿ ಜಿಡ್ಡುಗಟ್ಟಿತು. ಅಷ್ಟರಲ್ಲೇ ಮುಗಿದಿದ್ದರೆ ಒಂದು ಪ್ಲಗ್ ಒರೆಸುವ ಕೆಲಸ. ಆದರೆ ‘ಆಯಿಲ್ ಹಾಕಿಯಾಗಿದೆಯಲ್ಲ’ ಎಂಬ ನೆಮ್ಮದಿಯಲ್ಲಿ ಕೆಳಗಿನ ಕೋಣೆಯ ಆಯಿಲನ್ನು ಯಾರೂ ನೋಡಲಿಲ್ಲ. ಅದು ಕಡಿಮೆಯಾಗುತ್ತ ಬಂದು, ಒಂದು ಮಧ್ಯಾಹ್ನ ವೀಡರು ಸಾಲಿನ ನಡುವೆ ಕಿರುಚಿ ನಿಂತಿತು. ಆಮೇಲೆ ಹಗ್ಗವೇ ಅಲ್ಲಾಡಲಿಲ್ಲ. ಗ್ಯಾರೇಜಿನ ಭಾಷೆಯಲ್ಲಿ ಸೀಜ್ ಆಯಿತು. ಹೊಸ ಎಂಜಿನ್ನುಗಳಲ್ಲಿ ಬಹುಪಾಲು ಪೆಟ್ಟಿಗೆಯಿಂದ ತೆಗೆದಾಗ ಆಯಿಲ್ ಇಲ್ಲದೆ ಖಾಲಿಯಾಗಿಯೇ ಬರುತ್ತವೆ. ಪೆಟ್ರೋಲು ತುಂಬಿ, ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ಒಣ ಎಂಜಿನ್ನನ್ನೇ ಓಡಿಸಿದರೆ ಅದು ಪೂಜೆಯ ದಿನವೇ ಮುಗಿಯುತ್ತದೆ.

ಸೀಜ್ ಆಗದಿರಲೆಂದು ಕೆಲವು ಎಂಜಿನ್ನುಗಳಲ್ಲಿ ಕಾವಲುಗಾರನೊಬ್ಬ ಇರುತ್ತಾನೆ. ಆಯಿಲ್ ಮಟ್ಟ ತಗ್ಗಿದರೆ ಕಿಡಿಯನ್ನೇ ತಡೆದುಬಿಡುತ್ತಾನೆ. ಇದೂ ಗೊತ್ತಿಲ್ಲದವರಿಗೆ ಒಂದು ಒಗಟು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ನಂತರ ಒಣಭೂಮಿಯ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಾದವು. ಹಿರಿಯೂರಿನ ಅಂಥದೊಂದು ಹೊಂಡದ ಇಳಿಜಾರು ಏರಿಯ ಮೇಲೆ ಇಟ್ಟ ಎಂಜಿನ್ ಎಷ್ಟು ಎಳೆದರೂ ಚಾಲೂ ಆಗಲಿಲ್ಲ. ಮನೆಯ ಅಂಗಳಕ್ಕೆ ತಂದರೆ ಒಂದೇ ಎಳೆತ. ಮತ್ತೆ ಏರಿಗೆ ಒಯ್ದರೆ ಮೂಕ. ಇಳಿಜಾರಿನಲ್ಲಿ ಆಯಿಲೆಲ್ಲ ಒಂದು ಬದಿಗೆ ಸರಿದು, ಕಾವಲುಗಾರನಿಗೆ ಆಯಿಲೇ ಇಲ್ಲವೆಂದು ಕಾಣುತ್ತಿತ್ತು. ಎಂಜಿನ್ನಿನ ಕೆಳಗೆ ಎರಡು ಚಪ್ಪಡಿ ಕಲ್ಲು ಇಟ್ಟು ಮಟ್ಟ ಮಾಡಿದ್ದೇ ರಿಪೇರಿ.

ಅದೇ ಎಂಜಿನ್ ಮುಂದಿನ ತಿಂಗಳು ಇನ್ನೂ ದೊಡ್ಡ ಒಗಟು ಹಾಕಿತು. ಆಯಿಲ್ ಕಡ್ಡಿ ತೆಗೆದು ನೋಡಿದರೆ ಮಟ್ಟ ಏರಿತ್ತು. ಯಾರೂ ಸುರಿದಿಲ್ಲ, ಆದರೂ ಹೆಚ್ಚಾಗಿದೆ. ಬಳಸಿದಷ್ಟೂ ಹೆಚ್ಚುವ ಅಕ್ಷಯಪಾತ್ರೆ ಸಿಕ್ಕಿತೆಂದು ಮನೆಯವರು ನಕ್ಕರು. ರಜೆಗೆ ಬಂದಿದ್ದ ಮನೆಯ ಹುಡುಗಿ ಕಡ್ಡಿಯನ್ನು ಮೂಸಿ ನೋಡಿದಳು. ಪೆಟ್ರೋಲಿನ ವಾಸನೆ. ಬೆರಳಿಗೆ ಹಚ್ಚಿಕೊಂಡರೆ ಆಯಿಲಿನ ಜಿಗುಟು ಇಲ್ಲ, ನೀರಿನಂತೆ ತೆಳ್ಳಗೆ. ಕಾರ್ಬ್ಯುರೇಟರಿನ ಬಟ್ಟಲಲ್ಲಿ ತೇಲುವ ಫ್ಲೋಟ್ ಮೇಲೇರಿದಾಗ ಒಂದು ಮೊನಚಾದ ಸೂಜಿ ಪೆಟ್ರೋಲಿನ ದಾರಿಯನ್ನು ಮುಚ್ಚಬೇಕು. ಆ ಸೂಜಿಗೆ ಕಸ ಸಿಕ್ಕಿಕೊಂಡಿತ್ತು. ಟ್ಯಾಂಕಿನ ಕಾಕನ್ನು ಯಾರೂ ಮುಚ್ಚುತ್ತಿರಲಿಲ್ಲ. ರಾತ್ರಿಯಿಡೀ ಪೆಟ್ರೋಲು ಹನಿ ಹನಿಯಾಗಿ ಸಿಲಿಂಡರಿಗೆ ಇಳಿದು, ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ಕೆಳಗಿನ ಆಯಿಲಿಗೆ ಸೇರುತ್ತಿತ್ತು. ತೆಳುವಾದ ಆಯಿಲು ಲೋಹವನ್ನು ಕಾಯಲಾರದು. ಕಡಿಮೆಯಾದ ಆಯಿಲನ್ನು ಎಲ್ಲರೂ ಸಂಶಯದಿಂದ ನೋಡುತ್ತಾರೆ. ಹೆಚ್ಚಾದ ಆಯಿಲಿಗೂ ಅಷ್ಟೇ ಹೆದರಬೇಕು. ಸೂಜಿ ಶುಚಿ ಮಾಡಿ, ಹಳೆಯ ಆಯಿಲು ಪೂರ್ತಿ ಬಸಿದು ಹೊಸದು ಹಾಕಿದರು. ಅಂದಿನಿಂದ ಎಂಜಿನ್ ನಿಲ್ಲಿಸಿದ ಕೂಡಲೇ ಕಾಕ್ ಮುಚ್ಚುವುದು ಆ ಮನೆಯಲ್ಲಿ ಒಲೆಯ ಗ್ಯಾಸ್ ಆರಿಸಿದಷ್ಟೇ ಸಹಜವಾಯಿತು.

ದೋಣಿ ಮೋಟಾರುಗಳಲ್ಲಿ ಹೀಗೆ ಆಯಿಲ್ ಏರಲು ಸೂಜಿ ಕೆಡಲೇಬೇಕೆಂದಿಲ್ಲ. ತಣ್ಣೀರಿನ ನಡುವೆ, ಕಡಿಮೆ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಉರಿಯದೆ ಉಳಿದ ಪೆಟ್ರೋಲು ಗೋಡೆಗುಂಟ ಇಳಿದು ಆಯಿಲಿಗೆ ಸೇರುತ್ತದೆ. ಆಗಾಗ ಸ್ವಲ್ಪ ಹೊತ್ತು ಚುರುಕಾಗಿ ಓಡಿಸಿ ಬಿಸಿ ಮಾಡಿದರೆ ಅದರಲ್ಲಿ ಎಷ್ಟೋ ಭಾಗ ಆವಿಯಾಗಿ ಹೋಗುತ್ತದೆ. ಇನ್ನು ಕಡ್ಡಿಗೆ ಅಂಟಿದ ಆಯಿಲು ಹಾಲು ಬೆರೆತ ಕಾಫಿಯ ಬಣ್ಣದ್ದಾದರೆ ಒಳಗೆ ನೀರು ಸೇರಿದೆ ಎಂದು ಅರ್ಥ. ಅಂಥ ಎಂಜಿನ್ನನ್ನು ಓಡಿಸಬಾರದು.

ಹೊಗೆಯೂ ಮಾತಾಡುತ್ತದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಪೆಟ್ರೋಲು ಹೆಚ್ಚು. ಚೋಕ್ ತೆಗೆಯಲು ಮರೆತಿರಬಹುದು, ಬೇಸಿಗೆಯ ಧೂಳಿಗೆ ಏರ್ ಫಿಲ್ಟರ್ ಕಟ್ಟಿರಬಹುದು. ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ. ಮಟ್ಟಕ್ಕಿಂತ ಹೆಚ್ಚು ಹಾಕಿರಬಹುದು, ರಿಂಗು ಸವೆದಿರಬಹುದು. ಇಲ್ಲವೇ ಎಂಜಿನ್ನನ್ನು ಲಗೇಜ್ ಆಟೋದಲ್ಲಿ ಅಡ್ಡ ಮಲಗಿಸಿ ತಂದಿರಬಹುದು. ಅಡ್ಡ ಮಲಗಿಸಿದರೆ ಆಯಿಲು ಸಿಲಿಂಡರಿಗೂ ಏರ್ ಫಿಲ್ಟರಿಗೂ ಹರಿಯುತ್ತದೆ. ಔಟ್‌ಬೋರ್ಡ್ ಮೋಟಾರನ್ನು ಯಾವ ಬದಿಗೆ ಮಲಗಿಸಬೇಕೆಂದು ಅದರ ಕೈಪಿಡಿಯಲ್ಲೇ ಹೇಳಿರುತ್ತಾರೆ. ರಿಪೇರಿಗೆಂದು ಒಯ್ಯುವ ದಾರಿಯಲ್ಲೇ ಇನ್ನೊಂದು ರಿಪೇರಿ ಹುಟ್ಟಿಸಿಕೊಳ್ಳುವುದು ಹೀಗೆ.

ತೋಟದಲ್ಲಿ ನಿಂತ ಎಂಜಿನ್ನಿಗೆ ಗ್ಯಾರೇಜಿದೆ. ನೀರಿನ ನಡುವೆ ನಿಂತದ್ದಕ್ಕೆ ಇಲ್ಲ. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ಆರಂಭಿಸಿದ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಹರಿದದ್ದು 2022ರಲ್ಲಿ. ಮತ್ತೆ 2025ರ ಜನವರಿಯಲ್ಲೂ ತುಂಬಿ ಹರಿಯಿತು. 130 ಅಡಿಯ ಮಟ್ಟಕ್ಕೆ ನಿಂತ ಆ ನೀರಿನ ಹರವನ್ನು ಕಂಡವರಿಗೆ, ಗಾಳಿ ಬೀಸುವ ಸಂಜೆ ನಡುನೀರಿನಲ್ಲಿ ಮೋಟಾರು ನಿಂತರೆ ಏನಾದೀತೆಂದು ಹೇಳಬೇಕಾಗಿಲ್ಲ. ನೆರೆ ಬಂದಾಗ ಜನರನ್ನು ಕರೆತರಲು ಹೋಗುವ ಅಗ್ನಿಶಾಮಕ ದಳದ ರಬ್ಬರ್ ದೋಣಿಗಳ ಕಷ್ಟವೂ ಅದೇ. ವರ್ಷದಲ್ಲಿ ಎಷ್ಟೋ ತಿಂಗಳು ಸುಮ್ಮನೆ ಕುಳಿತು, ಬೇಕಾದ ಗಳಿಗೆಯಲ್ಲಿ ಒಂದೇ ಎಳೆತಕ್ಕೆ ಏಳಬೇಕು. ಆದ್ದರಿಂದಲೇ ದೋಣಿಯ ಮೋಟಾರನ್ನು ದಡದಲ್ಲೇ ಚಾಲೂ ಮಾಡಿ, ಬಟ್ಟಲಿನ ಪೆಟ್ರೋಲು ತೀರಿ ಹೊಸ ಪೆಟ್ರೋಲು ಇಳಿದು ಬರುವಷ್ಟು ಹೊತ್ತು ಓಡಿಸಿ ನೋಡಿದ ಮೇಲೆ ಹೊರಡಬೇಕು. ಎಷ್ಟೇ ನಂಬಿಕೆಯ ಮೋಟಾರಾದರೂ ದೋಣಿಯಲ್ಲಿ ಒಂದು ಜೊತೆ ಹುಟ್ಟು, ಎಲ್ಲರಿಗೂ ಲೈಫ್ ಜಾಕೆಟ್ ಇರಲೇಬೇಕು.

ಬಸಿದ ಹಳೆಯ ಆಯಿಲು ಎಲ್ಲಿಗೆ ಹೋಗಬೇಕು ಎಂಬುದೂ ರಿಪೇರಿಯ ಭಾಗವೇ. ಚಿತ್ರದುರ್ಗದ ಕೋಟೆಗೆ ಶಾಲೆಯಿಂದ ಪ್ರವಾಸ ಹೋದ ಮಕ್ಕಳು ಅಲ್ಲಿನ ಎಣ್ಣೆ ಕೊಳವನ್ನು ನೋಡಿರುತ್ತಾರೆ. ಎಣ್ಣೆ ಒಂದು ಹನಿಯೂ ಪೋಲಾಗದಂತೆ ಕಲ್ಲಿನಲ್ಲಿ ಜಾಗ ಮಾಡಿದ್ದರು. ಈಗ ಎಂಜಿನ್ನಿನ ಕಪ್ಪು ಆಯಿಲನ್ನು ಬೇಲಿಯ ಬುಡಕ್ಕೋ ಹಳ್ಳಕ್ಕೋ ಸುರಿಯುವುದು ಸಲೀಸಾಗಿದೆ. ವಾಣಿವಿಲಾಸ ಸಾಗರದ ನೀರನ್ನು ಹಿರಿಯೂರು, ಚಿತ್ರದುರ್ಗಗಳ ಜನ ಕುಡಿಯುತ್ತಾರೆ. ಹಳ್ಳಕ್ಕೆ ಸುರಿದದ್ದು ತಿರುಗಿ ಮನೆಗೇ ಬರಬಹುದು. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಸಿ ಗ್ಯಾರೇಜಿಗೆ ಕೊಟ್ಟರೆ, ಹಳೆಯ ಆಯಿಲು ಕೊಳ್ಳುವವರಿಗೆ ಅದು ಸೇರುತ್ತದೆ.

ಮಕ್ಕಳ ಕೈಗೆ ಎಂಜಿನ್ ಕೊಡುವ ಮೊದಲು ತಂದೆತಾಯಿಗಳು ಕಟ್ಟುನಿಟ್ಟು ಮಾಡಬೇಕಾದ ಮಾತುಗಳೂ ಇವೆ. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಎಂದೂ ಇಡಬಾರದು. ಬಾಯಾರಿ ಬಂದ ಮಗು ನೀರೆಂದು ಎತ್ತಿ ಕುಡಿಯುತ್ತದೆ. ಪೈಪನ್ನು ಬಾಯಲ್ಲಿ ಹೀರಿ ಪೆಟ್ರೋಲು ಇಳಿಸುವುದೂ ಅಷ್ಟೇ ಅಪಾಯ. ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಕುತ್ತು. ಕುಡಿದವರಿಗೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಬಿಸಿ ಎಂಜಿನ್ನಿಗೆ ಪೆಟ್ರೋಲು ಸುರಿಯಬಾರದು. ಪ್ಲಗ್ ಬಿಚ್ಚಿದ ತೂತಿನ ಹತ್ತಿರ ಕಿಡಿ ಹಾರಿಸಿ ನೋಡಬಾರದು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಎಚ್ಚರಿಕೆ ಕೊಡುವುದೂ ಇಲ್ಲ.

ಇಷ್ಟು ಕಾವಲಿನೊಳಗೆ, ಕೈಗೆ ಮಸಿ ಆಗಲು ಬಿಡಬೇಕು. ‘ನಮ್ಮ ಕೈಗೆ ಅಂಟಿದ ಮಸಿ ಮಗನ ಕೈಗೆ ಅಂಟಬಾರದು’ ಎಂದೇ ಎಷ್ಟೋ ಅಪ್ಪಂದಿರು ಸಾಲ ಮಾಡಿ ಓದಿಸುತ್ತಾರೆ. ಆ ಆಸೆ ತಪ್ಪಲ್ಲ. ಆದರೆ ಎಂಜಿನ್ ನಿಂತಾಗ ‘ಓದಿದವನು ನೀನು, ನೋಡು’ ಎನ್ನುವ ಮಾತು ಅದೇ ಬಾಯಿಂದ ಬರುತ್ತದೆ. ಮುಟ್ಟಲು ಬಿಡದೆ ಬೆಳೆಸಿದವನಿಗೆ ಆ ಮಾತು ನಾಟುತ್ತದೆ. ಹೊಳಲ್ಕೆರೆಯ ಆ ಹುಡುಗ ಗ್ಯಾರೇಜಿನಲ್ಲಿ ಕಲಿತದ್ದು ಪುಸ್ತಕದಲ್ಲಿ ಇಲ್ಲದ್ದೇನೂ ಅಲ್ಲ. ಹೀರುವ ಹಂತದಲ್ಲಿ ಪೆಟ್ರೋಲು ಬೆರೆತ ಗಾಳಿ ಒಳಗೆ ಬರುತ್ತದೆ ಎಂದು ಅವನೇ ಬರೆದಿದ್ದ. ಬರದಿದ್ದರೆ ಎಲ್ಲಿ ನಿಂತಿರಬಹುದು ಎಂದು ಕೇಳಿಕೊಳ್ಳುವುದಷ್ಟೇ ಹೊಸದು. ಆ ಒಂದು ಪ್ರಶ್ನೆ ಬಂದ ಮೇಲೆ ಓದಿದ ಪಾಠಕ್ಕೂ ತೋಟದ ಎಂಜಿನ್ನಿಗೂ ನಡುವಿನ ಬೇಲಿ ಬಿತ್ತು.

ಆ ಮನೆಯ ನಡುಮನೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತದೆ. ಡೇರಿಗೆ ಹಾಕಿದ ಹಾಲಿನ ಲೆಕ್ಕ, ಹಸು ಗಬ್ಬ ಕಟ್ಟಿದ ದಿನ, ಸಂಘದ ಕಂತಿನ ತಾರೀಕು, ಎಲ್ಲವನ್ನೂ ಅವ್ವ ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾಳೆ. ಈಗ ಆ ಲೆಕ್ಕಗಳ ನಡುವೆ ಇನ್ನೆರಡು ಬರಹಗಳು ಕಾಣುತ್ತವೆ. ಆಯಿಲ್ ಬದಲಿಸಿದ ದಿನ, ಮತ್ತು ಬಟ್ಟಲಿನ ಪೆಟ್ರೋಲು ಬಸಿದಿಟ್ಟ ದಿನ. ಹೊಸ ಎಂಜಿನ್ನಾದರೆ ಮೊದಲ ಆಯಿಲು ಸುಮಾರು 20 ಗಂಟೆ ಓಡಿದ ಮೇಲೆ, ಆಮೇಲೆ 100 ಗಂಟೆಗೋ ಆರು ತಿಂಗಳಿಗೋ ಒಮ್ಮೆ ಎಂದು ಕೈಪಿಡಿಯಲ್ಲಿ ಇದ್ದದ್ದನ್ನು ಮಗ ಕ್ಯಾಲೆಂಡರಿನ ಅಂಚಿಗೆ ಬರೆದಿದ್ದಾನೆ. ಹುಡುಗ ಕಾಲೇಜಿಗೆ ಮರಳಿದ ಮೇಲೂ ಗುರುತುಗಳು ನಿಂತಿಲ್ಲ. ಈಗಿನವು ಅಪ್ಪನ ದಪ್ಪಕ್ಷರದಲ್ಲಿವೆ.